ದ್ವೀಪಗಳ ನಡುವೆ ಹಾಯಿದೋಣಿಯಲ್ಲೇ ವಾಸ: ಹೊರಡುವ ಮೊದಲು ಕಲಿಯಬೇಕಾದದ್ದು ಯಾವುದು?

ಹೊಸಹಾಯಿ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ 11 ಮೀಟರ್ ಉದ್ದದ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಎರಡು ವರ್ಷಗಳಾದವು. ಈವರೆಗೆ ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಓಡಾಡಿದ್ದೇವೆ. ರಾತ್ರಿಯಿಡೀ ಹಾಯಿ ಬಿಚ್ಚಿಕೊಂಡು ಸಾಗಿದ್ದು ಎರಡು ಬಾರಿ ಮಾತ್ರ. ಮುಂದಿನ ವರ್ಷ ಮನೆಗೆ ಬೀಗ ಹಾಕಿ ದೋಣಿಯಲ್ಲೇ ವಾಸಕ್ಕೆ ಹೊರಡುವುದೆಂದು ನಿಶ್ಚಯಿಸಿದ್ದೇವೆ. ಪನಾಮಾ ಕಾಲುವೆ ದಾಟಿ ಪೆಸಿಫಿಕ್ ಸಾಗರಕ್ಕೆ ಇಳಿದು, ಮಾರ್ಕೇಸಸ್, ಟುವಾಮೋಟು, ಟಹೀಟಿ, ಟೋಂಗಾ, ಫಿಜಿ ದ್ವೀಪಗಳನ್ನು ಮುಟ್ಟುತ್ತಾ ಪಶ್ಚಿಮಕ್ಕೆ ಸಾಗುವುದು ನಮ್ಮ ಯೋಜನೆ. ಎಲ್ಲಿ ಎಷ್ಟು ದಿನ ಇರಬೇಕೆಂಬುದನ್ನು ಪಟ್ಟಿಮಾಡಿ ಇಟ್ಟುಕೊಂಡಿದ್ದೇವೆ. ಜೂನ್ ಮೊದಲ ವಾರದಲ್ಲಿ ನನ್ನ ಅಕ್ಕ, ಭಾವ ವಿಮಾನದಲ್ಲಿ ಟಹೀಟಿಗೆ ಬಂದು ನಮ್ಮನ್ನು ಕೂಡಿಕೊಳ್ಳುವುದೆಂದೂ ಮಾತಾಗಿದೆ.

ಸಾಗರ ದಾಟುವುದು ಹೇಗೆ, ಬಿರುಗಾಳಿಗೆ ಹಾಯಿ ಕಿರಿದುಮಾಡುವುದು ಹೇಗೆ ಎಂಬುದರ ಬಗ್ಗೆ ಓದಿಕೊಳ್ಳಲು ಬೇಕಾದಷ್ಟು ಸಿಗುತ್ತದೆ. ನನ್ನ ಪ್ರಶ್ನೆ ಬೇರೆಯದು. ತಿಂಗಳುಗಟ್ಟಲೆ ದೋಣಿಯಲ್ಲೇ ಬದುಕಿದವರು ಯಾವುದರಲ್ಲಿ ಎಡವುತ್ತಾರೆ? ಉಳಿದಿರುವ ಈ ಒಂದು ವರ್ಷದ ಸಮಯವನ್ನೂ ಹಣವನ್ನೂ ನಾವು ಯಾವುದಕ್ಕೆ ಹೆಚ್ಚಾಗಿ ಮೀಸಲಿಡಬೇಕು? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಹವಳದಂಚು

ಹೊಸಹಾಯಿ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಒಂದೇ ಪದದ್ದು: ಲಂಗರು. ಆ ಪದ ಏಕೆಂಬುದನ್ನು ಹೇಳಲು ಮಾತ್ರ ಸ್ವಲ್ಪ ಜಾಗ ಬೇಕಾಗುತ್ತದೆ.

ಮೊದಲು ಲೆಕ್ಕ ಹಾಕಿ ನೋಡಿ. ನಿಮ್ಮ ಅಳತೆಯ ದೋಣಿ ಗಂಟೆಗೆ ಸರಾಸರಿ 5ರಿಂದ 6 ನಾಟಿಕಲ್ ಮೈಲಿ ಸಾಗುತ್ತದೆ, ಅಂದರೆ ದಿನಕ್ಕೆ ಸುಮಾರು 130 ಮೈಲಿ. ಪನಾಮಾ ಬಿಟ್ಟ ಮೇಲೆ ಹಾದಿಯಲ್ಲಿ ಸಿಗುವ ಗಲಾಪಗೋಸ್ ದ್ವೀಪಗಳಿಂದ ಮಾರ್ಕೇಸಸ್‌ಗೆ ಸುಮಾರು 3000 ಮೈಲಿ. ವಾಣಿಜ್ಯ ಮಾರುತ ಕೈಕೊಡದಿದ್ದರೆ ಮೂರು ವಾರ ಮತ್ತು ಮೇಲೆ ಒಂದೆರಡು ದಿನ. ನಿಮ್ಮ ಇಡೀ ಪಯಣದಲ್ಲಿ ಅದಕ್ಕಿಂತ ಉದ್ದನೆಯ ಹಾದಿ ಇನ್ನೊಂದಿಲ್ಲ. ಆಮೇಲಿನದೆಲ್ಲ ಕೆಲವು ದಿನಗಳ ಹಾದಿಗಳು. ವರ್ಷದ ಉಳಿದ ತಿಂಗಳುಗಳನ್ನು ನೀವು ಯಾವುದೋ ಕೊಲ್ಲಿಯಲ್ಲಿ, ಯಾವುದೋ ಹವಳದಿಬ್ಬದ ಒಳಗೆ, ಒಂದು ಕಬ್ಬಿಣದ ಕೊಕ್ಕೆಯನ್ನು ನಂಬಿಕೊಂಡು ನಿಂತಲ್ಲೇ ಕಳೆಯುತ್ತೀರಿ. ಹಾಯುವುದನ್ನು ಕಲಿತು ನಿಲ್ಲುವುದನ್ನು ಕಲಿಯದೆ ಹೊರಟವರನ್ನು ನಾನು ಬಹಳ ನೋಡಿದ್ದೇನೆ. ನಾನೂ ಹಾಗೆಯೇ ಹೊರಟವನು.

ಟುವಾಮೋಟುವಿನ ಒಂದು ಹವಳದ್ವೀಪದಲ್ಲಿ ನಡೆದದ್ದನ್ನು ಹೇಳುತ್ತೇನೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹಳ್ಳಿಯ ಮುಂದೆ 12 ಮೀಟರ್ ಆಳದಲ್ಲಿ ಲಂಗರು ಬಿಟ್ಟೆವು. ಮೂಡಣ ಗಾಳಿ, ತೆಂಗಿನ ಮರಗಳ ಮರೆ, ಕನ್ನಡಿಯಂತಹ ನೀರು. ಸರಪಳಿ 45 ಮೀಟರ್ ಬಿಟ್ಟಿದ್ದೆವು. ರಾತ್ರಿ ಎರಡು ಗಂಟೆಗೆ ಮಳೆಮೋಡವೊಂದು ಬಂದು ಗಾಳಿ ದಕ್ಷಿಣಕ್ಕೆ ತಿರುಗಿತು. ಆ ದ್ವೀಪದ ಒಳಕೊಳ, ಅಂದರೆ ಉಂಗುರದಂತಹ ಹವಳದಿಬ್ಬದ ಒಳಗಿನ ನೀರು, ದಕ್ಷಿಣೋತ್ತರವಾಗಿ ಹತ್ತಾರು ಕಿಲೋಮೀಟರ್ ಉದ್ದವಿದೆ. ಅಷ್ಟು ದೂರದ ತೆರೆದ ನೀರಿನ ಮೇಲೆ ಬೀಸುವ ಗಾಳಿ ಅರ್ಧ ಗಂಟೆಯಲ್ಲೇ ಒಂದು ಮೀಟರ್ ಎತ್ತರದ ಮೊನಚಾದ ಅಲೆಗಳನ್ನು ಎಬ್ಬಿಸಿಬಿಟ್ಟಿತು, ಮತ್ತು ಅಲ್ಲಿಯವರೆಗೆ ನಮಗೆ ಮರೆಯಾಗಿದ್ದ ದಡ ಈಗ ನಮ್ಮ ಬೆನ್ನ ಹಿಂದೆ ನೂರೈವತ್ತು ಮೀಟರ್ ದೂರದಲ್ಲಿತ್ತು. ದೋಣಿ ತಿರುಗುವಾಗ ಸರಪಳಿ ಕೆಳಗೆ ಹವಳದ ಗುಡ್ಡೆಯೊಂದಕ್ಕೆ ಸುತ್ತಿಕೊಂಡಿತ್ತು. 45 ಮೀಟರ್ ಸರಪಳಿಯಲ್ಲಿ ನಮ್ಮ ಪಾಲಿಗೆ ಉಳಿದದ್ದು ಬಹುಶಃ 15 ಮೀಟರ್, ಅದೂ ನೇರವಾಗಿ ಮೇಲಿನಿಂದ ಕೆಳಕ್ಕೆ. ಪ್ರತಿ ಅಲೆಗೂ ದೋಣಿಯ ಮೂತಿ ಮೇಲೇಳಲು ಹೋಗಿ ಅರ್ಧದಲ್ಲೇ ಜಗ್ಗಿ ನಿಲ್ಲುತ್ತಿತ್ತು. ಸರಪಳಿಯ ಜಗ್ಗನ್ನು ನುಂಗಿಕೊಳ್ಳಲೆಂದು ಕಟ್ಟುವ ನೈಲಾನ್ ಹಗ್ಗ ಪಟಾಕಿ ಸಿಡಿದಂತೆ ಸದ್ದುಮಾಡಿ ತುಂಡಾಯಿತು. ಅಲ್ಲಿಂದ ಮುಂದೆ ಒಂದೊಂದು ಹೊಡೆತವೂ ನೇರವಾಗಿ ಸರಪಳಿ ಎತ್ತುವ ವಿಂಡ್‌ಲಾಸ್ ಯಂತ್ರಕ್ಕೆ ಬೀಳತೊಡಗಿತು. ಎಂಜಿನ್ ಮುಂದಕ್ಕೆ ಹಾಕಿ, ನನ್ನ ಪತ್ನಿ ಚುಕ್ಕಾಣಿ ಹಿಡಿದು, ಎರಡು ಅಲೆಗಳ ನಡುವೆ ಸರಪಳಿ ಸಡಿಲವಾದ ಕ್ಷಣದಲ್ಲಿ ನಾನು ಇನ್ನೂ 20 ಮೀಟರ್ ಬಿಟ್ಟು, ಹೊಸ ಹಗ್ಗವನ್ನು ಕಟ್ಟಿದೆ. ಗಂಟು ಹಾಕುವಾಗ ನನ್ನ ಕೈಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಬೆಳಗಾಗುವವರೆಗೆ ಎಂಜಿನ್ ಆರಿಸಲಿಲ್ಲ.

ಬೆಳಿಗ್ಗೆ ನೀರೊಳಗೆ ನೋಡುವ ಗಾಜಿನ ಮುಖಗವಸು ಹಾಕಿಕೊಂಡು ನೀರಿಗಿಳಿದು ನೋಡಿದರೆ ಸರಪಳಿ ಗುಡ್ಡೆಯ ಸುತ್ತ ಒಂದೂವರೆ ಸುತ್ತು ಬಿಗಿದುಕೊಂಡಿತ್ತು. ಉಜ್ಜಿದ ಜಾಗದಲ್ಲಿ ಹವಳ ಸುಣ್ಣದ ಪುಡಿಯಂತೆ ಬಿಳಿಚಿಕೊಂಡಿತ್ತು. ಎಷ್ಟೋ ವರ್ಷಗಳಿಂದ ಬೆಳೆದದ್ದನ್ನು ಒಂದು ರಾತ್ರಿಯಲ್ಲಿ ನಾವು ಅರೆದುಹಾಕಿದ್ದೆವು. ಆ ದೃಶ್ಯ ನನಗೆ ರಾತ್ರಿಯ ಭಯಕ್ಕಿಂತ ಹೆಚ್ಚು ಕಾಲ ಉಳಿಯಿತು.

ಈಗ ನಾವು ಅನುಸರಿಸುವುದು ಅಲ್ಲಿನ ಅನುಭವಸ್ಥರಿಂದ ಕಲಿತ ವಿಧಾನ. ಲಂಗರನ್ನು ಮರಳಿನ ತೇಪೆಯೊಂದರಲ್ಲಿ ಇಳಿಸಿ, ಹಿಂದಕ್ಕೆ ಎಂಜಿನ್ ಕೊಟ್ಟು ಅದು ಕಚ್ಚಿದೆಯೆಂದು ಖಚಿತಮಾಡಿಕೊಂಡ ಮೇಲೆ, ನೆಲಕ್ಕೆ ತಾಗುವ ಮೊದಲ ಭಾಗವನ್ನು ಬಿಟ್ಟು ಮುಂದಿನ ಸರಪಳಿಗೆ ಕೆಲವು ಮೀಟರ್‌ಗೊಂದರಂತೆ ತೇಲುಬುರುಡೆಗಳನ್ನು ಸಿಕ್ಕಿಸುತ್ತೇವೆ. ಆಗ ಸರಪಳಿ ಹವಳದ ತಲೆಯ ಮೇಲೆ ತೇಲಾಡಿಕೊಂಡಿರುತ್ತದೆ. ದೋಣಿ ಯಾವ ದಿಕ್ಕಿಗೆ ತಿರುಗಿದರೂ ಸಿಕ್ಕಿಕೊಳ್ಳುವುದಿಲ್ಲ. ಆ ದ್ವೀಪಗಳಲ್ಲಿ ಮುತ್ತಿನ ಕೃಷಿಯ ಹಳೆಯ ತೇಲುಬುರುಡೆಗಳು ದಡಕ್ಕೆ ಬಂದು ಬಿದ್ದಿರುತ್ತವೆ, ಆರಿಸಿಕೊಂಡರೆ ಸಾಕು. ಸರಪಳಿಯ ಉದ್ದದ ಬಗ್ಗೆ ಹೇಳುವುದಾದರೆ, ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರವನ್ನೂ ಉಬ್ಬರದ ಏರಿಕೆಯನ್ನೂ ಕೂಡಿಸಿ, ಅದರ ಐದರಷ್ಟು ಬಿಡಿ. ಸರಪಳಿಯ ಬದಲು ಹಗ್ಗವಾದರೆ ಏಳರಷ್ಟು. ಹವಳವಿರುವಲ್ಲಿ ಹಗ್ಗ ಬೇಡವೇ ಬೇಡ, ಒಂದೇ ರಾತ್ರಿಯಲ್ಲಿ ತುಂಡಾಗುತ್ತದೆ. ಲಂಗರು ಬಿಟ್ಟ ಪ್ರತಿ ಸಲವೂ ನೀರಿಗಿಳಿದು ಕಣ್ಣಾರೆ ನೋಡಿ. ಉಷ್ಣವಲಯದ ತಿಳಿನೀರು ಕೊಡುವ ಆ ಅನುಕೂಲವನ್ನು ಸೋಮಾರಿತನದಿಂದ ಬಿಟ್ಟುಕೊಡಬೇಡಿ.

ಒಳಬರುವ ಹೊತ್ತೂ ಮುಖ್ಯ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ, ಸೂರ್ಯ ಎತ್ತರದಲ್ಲೂ ನಿಮ್ಮ ಬೆನ್ನಿಗೂ ಇರುವಾಗ ಬನ್ನಿ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಒಬ್ಬರು ಮುಂದೆ ನಿಲ್ಲಬೇಕು. ಕಡುನೀಲಿ ಎಂದರೆ ಆಳ, ತಿಳಿಹಸಿರು ಬೆರೆತ ನೀಲಿ ಎಂದರೆ ಮರಳಿನ ಮೇಲಿನ ಕೆಲವು ಮೀಟರ್ ನೀರು, ಕಂದು ಎಂದರೆ ಹವಳ. ಮೋಡ ಕವಿದರೆ ಈ ಬಣ್ಣಗಳೆಲ್ಲ ಒಂದೇ ಬೂದುಬಣ್ಣವಾಗಿಬಿಡುತ್ತವೆ. ಆಗ ಹೊರಗೇ ಕಾಯಿರಿ.

ಇಳಿಗಾಳಿ

ಹವಳದಂಚು ಅವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಹೊಸಹಾಯಿ ಅವರ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ವಾಕ್ಯ: "ಜೂನ್ ಮೊದಲ ವಾರ, ಟಹೀಟಿ." ಕಟುವಾಗಿ ಕೇಳಿಸಿದರೆ ಕ್ಷಮಿಸಿ, ಆ ಪಟ್ಟಿಯನ್ನು ಹರಿದುಹಾಕಿ. ದೋಣಿಯಲ್ಲಿರುವವರು ಬರುವ ಅತಿಥಿಗೆ ಊರನ್ನು ಹೇಳಬಹುದು ಅಥವಾ ದಿನವನ್ನು ಹೇಳಬಹುದು, ಎರಡನ್ನೂ ಹೇಳಬಾರದು. ನಾನು ಕಂಡ ಅವಘಡಗಳಲ್ಲಿ ಹೆಚ್ಚಿನವು ಗಾಳಿಯಿಂದ ಆದವಲ್ಲ, ವಿಮಾನದ ಟಿಕೆಟ್‌ನಿಂದ ಆದವು. ಹೊರಡಬಾರದ ದಿನ ಹೊರಡುವುದು, ಕತ್ತಲಲ್ಲಿ ಹವಳದಿಬ್ಬದ ಸಂದಿನೊಳಗೆ ನುಗ್ಗುವುದು, ಇವೆಲ್ಲ ಯಾರೋ ಯಾರಿಗೋ ಕಾಯುತ್ತಿರುವಾಗಲೇ ನಡೆಯುತ್ತವೆ.

ಹವಳದ್ವೀಪದ ಬಾಗಿಲುಗಳ ವಿಷಯವನ್ನೇ ತೆಗೆದುಕೊಳ್ಳಿ. ಹೊರಗಿನ ಸಾಗರದ ಅಲೆಗಳು ದಿಬ್ಬದ ತಗ್ಗು ಅಂಚಿನ ಮೇಲೆ ಹಾರಿ ಒಳಕೊಳಕ್ಕೆ ನೀರು ತುಂಬುತ್ತಲೇ ಇರುತ್ತವೆ. ಆ ನೀರು ಹೊರಗೆ ಹೋಗಬೇಕಾದದ್ದು ಇರುವ ಒಂದೆರಡು ಇಕ್ಕಟ್ಟಾದ ಸಂದುಗಳ ಮೂಲಕವೇ. ಹೀಗಾಗಿ ಹೊರಹರಿವು ಒಳಹರಿವಿಗಿಂತ ಹೆಚ್ಚು ಹೊತ್ತು ಇರುತ್ತದೆ, ಮತ್ತು ದಕ್ಷಿಣದ ಉಬ್ಬಲೆ ಜೋರಾಗಿರುವ ದಿನಗಳಲ್ಲಿ ಪಂಚಾಂಗ ಹೇಳುವ ಉಬ್ಬರವಿಳಿತದ ಹೊತ್ತು ಸಂದಿನಲ್ಲಿ ನಡೆಯುವುದೇ ಇಲ್ಲ. ಹೊರಹರಿವಿಗೆ ಎದುರಾಗಿ ಗಾಳಿ ಬೀಸಿದರೆ ಬಾಗಿಲಿನಲ್ಲೇ ನೀರು ಗೋಡೆಗೋಡೆಯಾಗಿ ಎದ್ದು ನಿಲ್ಲುತ್ತದೆ. ಹರಿವು ಸೋಲುವ ಹೊತ್ತಿಗಾಗಿ ಅರ್ಧ ದಿನ ಹೊರಗೆ ಸುತ್ತಾಡುವ ವ್ಯವಧಾನ ಬೇಕು. ದಿನಾಂಕಕ್ಕೆ ಕಟ್ಟುಬಿದ್ದವರಿಗೆ ಆ ವ್ಯವಧಾನ ಇರುವುದಿಲ್ಲ.

ನೀವು ಕಟ್ಟುಬೀಳಬೇಕಾದ ಕಾಲಮಿತಿ ಒಂದೇ: ಚಂಡಮಾರುತದ ಋತು. ದಕ್ಷಿಣ ಪೆಸಿಫಿಕ್‌ನಲ್ಲಿ ಅದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಆದ್ದರಿಂದಲೇ ಹೆಚ್ಚಿನವರು ಫೆಬ್ರುವರಿ, ಮಾರ್ಚ್‌ನಲ್ಲಿ ಪನಾಮಾ ಬಿಟ್ಟು, ಅಕ್ಟೋಬರ್ ಹೊತ್ತಿಗೆ ಟೋಂಗಾ ಅಥವಾ ಫಿಜಿ ಸೇರಿ, ಅಲ್ಲಿಂದ ಸಾವಿರಕ್ಕೂ ಹೆಚ್ಚು ಮೈಲಿ ದಕ್ಷಿಣಕ್ಕಿರುವ ನ್ಯೂಜಿಲೆಂಡ್‌ಗೆ ಇಳಿಯುತ್ತಾರೆ. ಇನ್ನು ಕೆಲವರು ಭೂಮಧ್ಯರೇಖೆಯ ಕಡೆಗೆ ಮೇಲೇರುತ್ತಾರೆ. ಭೂಮಿಯ ಸುತ್ತುವಿಕೆಯ ಪ್ರಭಾವ ರೇಖೆಯ ಬಳಿ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಸುಮಾರು 5 ಡಿಗ್ರಿಯೊಳಗೆ ಚಂಡಮಾರುತ ಹುಟ್ಟುವುದು ಬಲು ಅಪರೂಪ. ಇದರಲ್ಲಿ "ಇಲ್ಲಿಯವರೆಗೆ ಬಂದಿಲ್ಲ" ಎಂಬ ಮಾತನ್ನು ನಂಬಬೇಡಿ. ಕೆರಿಬಿಯನ್‌ನ ಗ್ರೆನಡಾ ಸುರಕ್ಷಿತವೆಂದು ದೋಣಿಗಳು ಅಲ್ಲಿ ಸೇರುತ್ತಿದ್ದ ಕಾಲದಲ್ಲೇ, 2004ರ ಸೆಪ್ಟೆಂಬರ್‌ನಲ್ಲಿ ಐವನ್ ಚಂಡಮಾರುತ ಬಂದು ಅಪ್ಪಳಿಸಿತು. 2024ರ ಜುಲೈ 1ರಂದು, ಜೂನ್‌ನಲ್ಲಿ ಶುರುವಾಗುವ ಅಲ್ಲಿನ ಋತು ಆರಂಭವಾಗಿ ಒಂದು ತಿಂಗಳಷ್ಟೇ ಆಗಿದ್ದಾಗ, ಬೆರಿಲ್ ಚಂಡಮಾರುತ ಗ್ರೆನಡಾಕ್ಕೇ ಸೇರಿದ ಕ್ಯಾರಿಯಾಕೂ ದ್ವೀಪವನ್ನು ನುಚ್ಚುನೂರು ಮಾಡಿತು.

ಉಪ್ಪುಗೆರೆ

ಲಂಗರು, ಗಾಳಿ, ಋತು ಎಲ್ಲವೂ ಸರಿ. ದೋಣಿಯೊಳಗಿನ ಬದುಕಿನ ಬಗ್ಗೆ ಯಾರೂ ಬರೆಯುತ್ತಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಆರು ವರ್ಷ ದೋಣಿಯಲ್ಲಿ ಸಂಸಾರ ನಡೆಸಿದವಳು ನಾನು.

ಮೊದಲನೆಯದು ಸಿಹಿನೀರು. ಸಾಗರ ದಾಟುವಾಗ ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್‌ನಲ್ಲಿ ಕುಡಿಯುವುದು, ಅಡುಗೆ ಎಲ್ಲವನ್ನೂ ಮುಗಿಸಿದ್ದೇವೆ. ಪಾತ್ರೆಯನ್ನು ಸಮುದ್ರದ ನೀರಲ್ಲಿ ತೊಳೆದು ಕೊನೆಗೆ ಒಂದು ಲೋಟ ಸಿಹಿನೀರಲ್ಲಿ ಜಾಲಿಸುವುದು ಸಾಕಾಗುತ್ತದೆ, ಆದರೆ ಬಟ್ಟೆಗೆ ಅದು ಸಲ್ಲದು. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಹಗಲೆಲ್ಲ ಬಿಸಿಲಿಗೆ ಹಾಕಿದ ದಿಂಬಿನ ಹೊದಿಕೆ ರಾತ್ರಿ ಮತ್ತೆ ಜಿಗುಟಾಗಿ ಕೆನ್ನೆಗೆ ಅಂಟಿಕೊಳ್ಳುತ್ತದೆ. ಮಳೆ ಬಂದಾಗ ಮೊದಲ ಹತ್ತು ನಿಮಿಷ ಡೆಕ್ಕಿನ ಉಪ್ಪು ತೊಳೆದುಹೋಗಲು ಬಿಡಿ, ಆಮೇಲೆ ಟ್ಯಾಂಕಿನ ಬಾಯಿ ತೆರೆಯಿರಿ. ಉಷ್ಣವಲಯದ ಒಂದು ಒಳ್ಳೆಯ ಮಳೆ ಅರ್ಧ ಗಂಟೆಯಲ್ಲಿ ಟ್ಯಾಂಕನ್ನು ತುಂಬಿಸುತ್ತದೆ.

ಉಪ್ಪುನೀರನ್ನು ಸಿಹಿಮಾಡುವ ಯಂತ್ರ ಕೊಳ್ಳಬೇಕೇ ಎಂದು ನೀವು ಮುಂದೆ ಕೇಳಿಯೇ ಕೇಳುತ್ತೀರಿ. ಅದು ಸಮುದ್ರದ ನೀರನ್ನು ಸುಮಾರು 55 ಬಾರ್ ಒತ್ತಡದಲ್ಲಿ ಸೂಕ್ಷ್ಮ ಪೊರೆಯೊಂದರ ಮೂಲಕ ಹಿಂಡುತ್ತದೆ. ಎಣ್ಣೆ ತೇಲುವ ಬಂದರಿನಲ್ಲಿ ಅದನ್ನು ನಡೆಸಿದರೆ ಪೊರೆ ಹಾಳು, ಕ್ಲೋರಿನ್ ಬೆರೆತ ಊರಿನ ನೀರಿನಿಂದ ತೊಳೆದರೂ ಹಾಳು, ವಾರಗಟ್ಟಲೆ ಸುಮ್ಮನೆ ಬಿಟ್ಟರೂ ಹಾಳು. ಆದರೂ ಕೊಳ್ಳಿ. ಟುವಾಮೋಟುವಿನಂಥ ಹವಳದ್ವೀಪಗಳಲ್ಲಿ ಹೊಳೆಯಿಲ್ಲ, ಊರಿನವರೇ ಚಾವಣಿಯ ಮಳೆನೀರು ಹಿಡಿದಿಟ್ಟು ಬದುಕುತ್ತಾರೆ. ಅವರ ತೊಟ್ಟಿಯ ನೀರನ್ನು ಕೇಳಲು ಹೋಗುವುದು ನಮಗೆ ತರವಲ್ಲ.

ಎರಡನೆಯದು ಮೀನು. ಹವಳದಿಬ್ಬದ ಮೀನನ್ನು, ಮುಖ್ಯವಾಗಿ ದೊಡ್ಡ ಬರಕುಡ, ಗ್ರೂಪರ್, ಮೊರೆ ಹಾವುಮೀನುಗಳನ್ನು, ಅಲ್ಲಿಯ ಜನರನ್ನು ಕೇಳದೆ ತಿನ್ನಬೇಡಿ. ದಿಬ್ಬದ ಪಾಚಿಯ ಮೇಲೆ ಬೆಳೆಯುವ ಸೂಕ್ಷ್ಮಜೀವಿಯೊಂದರ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತಾ ಗಟ್ಟಿಯಾಗುತ್ತದೆ. ಇದಕ್ಕೆ ಸಿಗ್ವಟೇರಾ ಎನ್ನುತ್ತಾರೆ. ಬೇಯಿಸಿದರೂ ಹೋಗದು, ಹೆಪ್ಪುಗಟ್ಟಿಸಿದರೂ ಹೋಗದು, ವಾಸನೆಯಿಂದಾಗಲಿ ರುಚಿಯಿಂದಾಗಲಿ ತಿಳಿಯದು. ನನಗೆ ಒಮ್ಮೆ ತಗುಲಿತ್ತು. ವಾಂತಿ, ಭೇದಿ ಎರಡು ದಿನಕ್ಕೆ ನಿಂತರೂ, ತಣ್ಣನೆಯ ನೀರು ಮುಟ್ಟಿದರೆ ಬೆರಳು ಸುಟ್ಟಂತಾಗುವ ವಿಚಿತ್ರ ನೋವು ವಾರಗಳವರೆಗೆ ಬಿಡಲಿಲ್ಲ. ಒಂದು ದ್ವೀಪದಲ್ಲಿ ನಿರಪಾಯವಾದ ಮೀನು ಪಕ್ಕದ ದ್ವೀಪದಲ್ಲಿ ವಿಷವಾಗಿರಬಹುದು. ಆ ಲೆಕ್ಕ ಅಲ್ಲಿನ ಮೀನುಗಾರರಿಗೆ ಮಾತ್ರ ಗೊತ್ತು. ಸಾಗರದ ನಡುವೆ ಗಾಳಕ್ಕೆ ಸಿಗುವ ಟ್ಯೂನಾ, ಮಹಿ-ಮಹಿ ಮೀನುಗಳಿಗೆ ಸಾಮಾನ್ಯವಾಗಿ ಈ ಭಯವಿಲ್ಲ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ರಟ್ಟಿನ ಪೆಟ್ಟಿಗೆಯನ್ನು ದೋಣಿಯೊಳಗೆ ತರಬೇಡಿ, ಅದರ ಪದರಗಳಲ್ಲಿ ಜಿರಳೆಯ ಮೊಟ್ಟೆಗಳಿರುತ್ತವೆ. ತೊಳೆಯದ, ಎಂದೂ ಫ್ರಿಜ್ಜಿನಲ್ಲಿಡದ ಕೋಳಿಮೊಟ್ಟೆ ಕೊಂಡು ಎರಡು ದಿನಕ್ಕೊಮ್ಮೆ ಮಗುಚಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹವಳ ತರಚಿದ ಗಾಯ ಎಷ್ಟೇ ಚಿಕ್ಕದಾದರೂ ಅಂದೇ ಉಜ್ಜಿ ತೊಳೆದು ಔಷಧಿ ಹಚ್ಚಿ, ಇಲ್ಲವಾದರೆ ಮೂರನೆಯ ದಿನಕ್ಕೆ ಕೀವಾಗುತ್ತದೆ.

ಇಳಿಗಾಳಿ

ಉಪ್ಪುಗೆರೆ ಅವರೇ, ನೀರಿನ ಯಂತ್ರದ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ. ಇಬ್ಬರಷ್ಟೇ ಇರುವ ದೋಣಿಗೆ 400 ಲೀಟರ್ ಟ್ಯಾಂಕು ಮತ್ತು ಮಳೆ ಹಿಡಿಯುವ ಒಳ್ಳೆಯ ಬಟ್ಟೆ ಸಾಕೆಂದು ನನ್ನ ಅನುಭವ. ಯಂತ್ರ ಬಂದರೆ ಅದಕ್ಕೆ ವಿದ್ಯುತ್ತು, ವಿದ್ಯುತ್ತಿಗೆ ಸೌರಫಲಕ, ಫಲಕಕ್ಕೆ ಬ್ಯಾಟರಿ, ಕೊನೆಗೆ ಇವನ್ನೆಲ್ಲ ರಿಪೇರಿ ಮಾಡುವುದೇ ದಿನಚರಿಯಾಗುತ್ತದೆ. ಅದೇ ಹಣದಲ್ಲಿ ಒಂದು ಅಳತೆ ದೊಡ್ಡದಾದ ಲಂಗರು ಕೊಳ್ಳಲಿ.

ಉಪ್ಪುಗೆರೆ

ಲಂಗರಿನ ಮಾತನ್ನು ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪಲಾರೆ. ಫ್ರಿಜ್ಜು ಒಂದಕ್ಕೇ 12 ವೋಲ್ಟ್‌ನಲ್ಲಿ ದಿನಕ್ಕೆ 40ರಿಂದ 60 ಆಂಪಿಯರ್-ಗಂಟೆ ಬೇಕು. ಸೌರಫಲಕವಂತೂ ಹೇಗೂ ಇರಲೇಬೇಕು. ಮಳೆ ಬಾರದೆ ಐದು ವಾರ ಕಳೆದ ಒಂದು ವರ್ಷ ನಮಗಿತ್ತು. ನೀರಿಗಾಗಿಯೇ ಸರಿಯಾದ ಲಂಗರುದಾಣವೊಂದನ್ನು ಬಿಟ್ಟು ಗಾಳಿಗೆ ಎದುರಾಗಿ ಊರಿಗೆ ಹೋಗಬೇಕಾಯಿತು. ನೀರಿದ್ದವರು ಕಾಯಬಲ್ಲರು. ನೀವೇ ಹೇಳಿದ ವ್ಯವಧಾನ ಇಳಿಗಾಳಿ ಅವರೇ, ಅದು ಟ್ಯಾಂಕಿನಿಂದಲೂ ಬರುತ್ತದೆ.

ಹೊಸಹಾಯಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಇದಿಷ್ಟನ್ನೂ ಪತ್ನಿಗೆ ಓದಿ ಹೇಳಿದೆ. ಅವರದ್ದು ಎರಡು ಪ್ರಶ್ನೆಗಳಿವೆ. ಇಬ್ಬರೇ ಇರುವಾಗ ಮೂರು ವಾರ ನಿದ್ದೆ ಹೇಗೆ? ಮತ್ತು ಆ ದ್ವೀಪಗಳ ಜನರು ನಮ್ಮಂಥವರನ್ನು ಹೇಗೆ ಕಾಣುತ್ತಾರೆ, ನಾವು ಅಲ್ಲಿ ಹೇಗೆ ನಡೆದುಕೊಳ್ಳಬೇಕು?

ಹವಳದಂಚು

ನಿದ್ದೆಗೆ ನಮ್ಮ ಕ್ರಮ ರಾತ್ರಿ ಮೂರು ಮೂರು ಗಂಟೆಯ ಪಾಳಿ. ಮೊದಲ ನಾಲ್ಕು ದಿನ ಕಷ್ಟ, ಐದನೆಯ ದಿನದಿಂದ ಮೈ ಒಗ್ಗಿಕೊಳ್ಳುತ್ತದೆ. ಕತ್ತಲಾಗುವ ಮೊದಲೇ ಹಾಯಿಯನ್ನು ಒಂದು ಮಡಿಕೆ ಕಿರಿದುಮಾಡಿಬಿಡಿ. ರಾತ್ರಿ ಮಳೆಮೋಡ ಬಂದಾಗ ಮಲಗಿದವರನ್ನು ಎಬ್ಬಿಸುವ ಪ್ರಸಂಗ ಅರ್ಧಕ್ಕರ್ಧ ತಪ್ಪುತ್ತದೆ. ಕಾಕ್‌ಪಿಟ್ಟಿನಲ್ಲಿ, ಅಂದರೆ ಚುಕ್ಕಾಣಿ ಹಿಡಿದು ಕೂರುವ ಜಾಗದಲ್ಲಿ, ಒಬ್ಬರೇ ಇರುವಾಗ ಸುರಕ್ಷಾ ಪಟ್ಟಿಯನ್ನು ದೋಣಿಗೆ ಸಿಕ್ಕಿಸಿಕೊಂಡೇ ಇರಬೇಕು, ಎಬ್ಬಿಸದೆ ಯಾರೂ ಡೆಕ್ಕಿನ ಮುಂಭಾಗಕ್ಕೆ ಹೋಗಬಾರದು. ನಮ್ಮ ದೋಣಿಯಲ್ಲಿ ಇದೊಂದಕ್ಕೆ ವಿನಾಯಿತಿಯೇ ಇಲ್ಲ.

ಉಪ್ಪುಗೆರೆ

ಎರಡನೆಯ ಪ್ರಶ್ನೆ ಕೇಳಿದ್ದಕ್ಕೆ ನಿಮ್ಮ ಪತ್ನಿಯವರಿಗೆ ನನ್ನ ನಮಸ್ಕಾರ ತಿಳಿಸಿ. ದೇಶದೊಳಗೆ ಬಂದ ಕೂಡಲೇ ಹಳದಿ ಬಾವುಟ ಏರಿಸಿ ಅಧಿಕಾರಿಗಳಿಗೆ ಕಾಗದಪತ್ರ ಒಪ್ಪಿಸುವುದು, ಹಿಂದಿನ ಬಂದರಿನ ನಿರ್ಗಮನ ಪತ್ರವನ್ನು ಜೋಪಾನವಾಗಿಟ್ಟುಕೊಳ್ಳುವುದು, ಇವೆಲ್ಲ ಕಾನೂನಿನ ಮಾತು. ಮರ್ಯಾದೆಯ ಮಾತು ಅದರಾಚೆಗಿದೆ. ಫಿಜಿಯ ಹೊರದ್ವೀಪಗಳಲ್ಲಿ ಲಂಗರು ಬಿಟ್ಟ ಮೇಲೆ ಮೊದಲ ಕೆಲಸ, ಒಂದು ಕಟ್ಟು ಯಂಗೋನಾ ಬೇರನ್ನು (ಕಾವಾ ಎಂಬ ಪಾನೀಯ ಮಾಡುವ ಬೇರು) ತೆಗೆದುಕೊಂಡು ಹಳ್ಳಿಯ ಮುಖ್ಯಸ್ಥರ ಮನೆಗೆ ಹೋಗುವುದು. ಇದಕ್ಕೆ ಸೆವುಸೆವು ಎನ್ನುತ್ತಾರೆ. ಬೇರನ್ನು ಅವರ ಮುಂದೆ ನೆಲದ ಮೇಲಿಟ್ಟು ಕುಳಿತರೆ, ಅವರು ಅದನ್ನು ಕೈಗೆತ್ತಿಕೊಂಡಾಗ ನಿಮಗೆ ಅಲ್ಲಿ ಇರಲು, ಈಜಲು, ನಡೆಯಲು ಒಪ್ಪಿಗೆ ಸಿಕ್ಕಿತೆಂದು ಅರ್ಥ. ಆ ಕೊಲ್ಲಿ, ಅದರ ದಿಬ್ಬ, ಅದರ ಮೀನು ಅವರ ಮನೆಯಂಗಳ. ಅಂಗಳದಲ್ಲಿ ನಿಂತವರು ಮನೆಯವರನ್ನು ಮಾತಾಡಿಸದೆ ಇರುವುದುಂಟೇ? ಟೋಪಿ ತೆಗೆದು, ಭುಜ ಮೊಣಕಾಲು ಮುಚ್ಚುವ ಬಟ್ಟೆ ತೊಟ್ಟು ಹೋಗಿ. ಭಾನುವಾರ ಕೆಲಸವನ್ನಾಗಲಿ ಗಲಾಟೆಯನ್ನಾಗಲಿ ಇಟ್ಟುಕೊಳ್ಳಬೇಡಿ.

ಹೊಸಹಾಯಿ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಅಕ್ಕನಿಗೆ ಫೋನು ಮಾಡಿ ಜೂನ್ ದಿನಾಂಕವನ್ನು ರದ್ದುಮಾಡಿದೆ; ನಾವು ಟಹೀಟಿ ತಲುಪಿ ಲಂಗರು ಬಿಟ್ಟ ಮೇಲೆಯೇ ಅವರು ಟಿಕೆಟ್ ಕೊಳ್ಳುವುದೆಂದು ಒಪ್ಪಿದ್ದಾರೆ. ಭಾವನವರಿಗೆ ಸ್ವಲ್ಪ ಬೇಸರವಾಗಿದೆ. 10 ಮಿಲಿಮೀಟರ್ ದಪ್ಪದ ಸರಪಳಿ 70 ಮೀಟರ್ ಕೊಂಡೆವು, ಸುಮಾರು 160 ಕಿಲೋ ತೂಗುತ್ತದೆ. ಮೂತಿಯಲ್ಲಿ ಅಷ್ಟು ಭಾರ ಕೂತಮೇಲೆ ದೋಣಿ ಮುಂದಕ್ಕೆ ಕೊಂಚ ಬಾಗಿತು. ನೀರಿನ ಟ್ಯಾಂಕೊಂದನ್ನು ಹಿಂದಕ್ಕೆ ಸರಿಸುವ ಕೆಲಸ ನಡೆಯುತ್ತಿದೆ.

ಕಳೆದ ಶನಿವಾರ ಮತ್ತು ಭಾನುವಾರ ಎಲ್ಲಿಗೂ ಹೋಗಲಿಲ್ಲ. ಒಂದೇ ಕೊಲ್ಲಿಯಲ್ಲಿ ಲಂಗರು ಬಿಡುವುದು, ಎತ್ತುವುದು, ಮತ್ತೆ ಬಿಡುವುದು, ಒಟ್ಟು ಹದಿನೇಳು ಬಾರಿ. ಪತ್ನಿ ಮುಂದೆ ನಿಂತು ಕೈಸನ್ನೆ ಮಾಡಿದರು, ನಾನು ಹಿಂದೆ ಚುಕ್ಕಾಣಿಯಲ್ಲಿದ್ದೆ. ಆಮೇಲೆ ಜಾಗ ಬದಲಾಯಿಸಿಕೊಂಡೆವು. ಪ್ರತಿ ಬಾರಿಯೂ ಒಬ್ಬರು ನೀರಿಗಿಳಿದು ನೋಡಿದೆವು. ನಾಲ್ಕು ಬಾರಿ ಲಂಗರು ಕಚ್ಚಿದೆಯೆಂದು ಮೇಲೆ ನಿಂತವರಿಗೆ ಅನ್ನಿಸಿತ್ತು, ಕೆಳಗೆ ಅದು ಹುಲ್ಲಿನ ಮೇಲೆ ಮಗ್ಗುಲಾಗಿ ಮಲಗಿತ್ತು.